ಬೆನ್ನುಹುರಿಯೊಳಗಣ ದ್ರವಕುಹರ: ಒಂದು ರೋಗವಿಚಾರದ ಇತಿಹಾಸ

ಬೆನ್ನುಹುರಿಯ ನಡುವೆ ದ್ರವ ತುಂಬಿದ ಪೊಟರೆ ಏರ್ಪಡಬಹುದೆಂಬುದನ್ನು ಅಂಗರಚನಾಶಾಸ್ತ್ರಜ್ಞರು ಬಹುಹಿಂದೆಯೇ ಕಂಡಿದ್ದರು. ಪ್ಯಾರಿಸ್ಸಿನ ಷಾರ್ಲ್ ಎಸ್ತಿಯೆನ್ 16ನೆಯ ಶತಮಾನದ ಮಧ್ಯಭಾಗದಲ್ಲಿ ಅದನ್ನು ಪ್ರಸ್ತಾಪಿಸಿದ್ದನು; ಸಿರಿಂಗೋಮೈಲಿಯಾ ಎಂಬ ಹೆಸರನ್ನು 1827ರಲ್ಲಿ ಒಲಿವಿಯೇ ದಾಂಜೇ ಇತ್ತನು. ಆದರೆ ಶವದಲ್ಲಿ ಕಂಡ ಕುಹರಕ್ಕೂ ಬದುಕಿರುವ ರೋಗಿಯ ಬಾಧೆಗೂ ಇರುವ ನಂಟು ಸ್ಪಷ್ಟವಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು.

1883ರಲ್ಲಿ ಬ್ರಿಟನಿ ಪ್ರಾಂತದ ಲಾನಿಲಿಸ್ ಎಂಬ ಸಣ್ಣ ಊರಿನ ವೈದ್ಯನಾದ ಮೊರ್ವಾಂ, ಉಗುರುಸುತ್ತು ಎದ್ದು ಬೆರಳು ಕೀತು ವಿರೂಪಗೊಳ್ಳುತ್ತಿದ್ದರೂ ನೋವೆಂಬುದನ್ನೇ ಅರಿಯದ ರೋಗಿಗಳನ್ನು ಕುರಿತು ಬರೆದನು. ಉಗುರುಸುತ್ತಿನ ಯಾತನೆಯನ್ನು ಒಮ್ಮೆ ಅನುಭವಿಸಿದವರಿಗೆ ಇದರ ವೈಚಿತ್ರ್ಯವನ್ನು ಬೇರೆ ವಿವರಿಸಬೇಕಾಗಿಲ್ಲ. ಕಾನ್‌ಸ್ಟಾಂಟಿನೋಪಲ್ಲಿನ ಜಂಬಾಕೋ ಪಾಷಾ ಇದು ಕುಷ್ಠವೇ ಸರಿ ಎಂದು ಹಟ ಹಿಡಿದನು. 1890ರಲ್ಲಿ ಜೋಫ್ರುವಾ ಮತ್ತು ಆಷಾರ್ ಅಂಥ ರೋಗಿಯೊಬ್ಬನ ಶವಪರೀಕ್ಷೆಯಲ್ಲಿ ಬೆನ್ನುಹುರಿಯ ಕುಹರವನ್ನೇ ತೋರಿಸಿದ್ದರೂ ವಾದ ನಿಲ್ಲಲಿಲ್ಲ. ಕುಷ್ಠವನ್ನು ಬಲ್ಲ ನಮ್ಮ ನಾಡಿನ ವೈದ್ಯರು ಪಾಷಾನನ್ನು ನೋಡಿ ನಗಲಾರರು. ಸುಟ್ಟು ಬೊಬ್ಬೆಯೆದ್ದರೂ ನೋಯದ ಕೈ ಎರಡು ರೋಗಗಳಲ್ಲಿಯೂ ಉಂಟು. ಕುಷ್ಠದಲ್ಲಿ ನರಗಳು ದಪ್ಪವಾಗಿ ಕೈಗೆ ಸಿಕ್ಕುತ್ತವೆ, ಸ್ಪರ್ಶಜ್ಞಾನವೂ ಕುಂದುತ್ತದೆ; ಇಲ್ಲಿಯಾದರೋ, ನೋವು ಮತ್ತು ಶೀತೋಷ್ಣಗಳನ್ನು ಒಯ್ಯುವ ತಂತುಗಳು ಹುರಿಯ ಮಧ್ಯನಾಳದ ಮುಂದುಗಡೆ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ದಾಟುವುದರಿಂದ ಕುಹರವು ಮೊದಲು ಅವನ್ನೇ ಕಡಿದುಹಾಕುತ್ತದೆ, ಹಿಂಬದಿಯಿಂದ ಮೇಲೇರುವ ಸ್ಪರ್ಶತಂತುಗಳು ಉಳಿದುಕೊಳ್ಳುತ್ತವೆ.

ಚಿಕಿತ್ಸೆಯ ಕಥೆ ಇಷ್ಟು ನೇರವಾದುದಲ್ಲ. 1892ರಲ್ಲಿ ನ್ಯೂಯಾರ್ಕಿನ ಆಬೆ ಮತ್ತು ಕೋಲಿ ಹುರಿಯನ್ನೇ ಸೀಳಿ ದ್ರವವನ್ನು ಹೊರಬಿಟ್ಟರು. ಕ್ಷಕಿರಣಗಳು ಬಂದಮೇಲೆ ಅವುಗಳ ಪ್ರಯೋಗವೂ ನಡೆಯಿತು. ಕುಹರವನ್ನೇ ರೋಗವೆಂದು ಬಗೆದುದು ಈ ಯತ್ನಗಳ ದೋಷವೆಂದು ನನ್ನ ಅಭಿಪ್ರಾಯ. ಕಿರುಮೆದುಳಿನ ಕೆಳತುದಿಗಳು ತಲೆಬುರುಡೆಯ ಅಡಿಯ ಮಹಾರಂಧ್ರದ ಮೂಲಕ ಕತ್ತಿಗೆ ಇಳಿದಿರುವುದನ್ನು ಪ್ರಾಗ್ ನಗರದ ಹಾನ್ಸ್ ಕಿಯಾರಿ 1891ರಲ್ಲಿಯೇ ವರ್ಣಿಸಿದ್ದನು. ಆದರೂ ಕಾರಣವನ್ನು ಕುಹರದ ಹೊರಗೆ, ಆ ಎಡೆಯಲ್ಲಿ ಹುಡುಕಬೇಕೆಂಬ ವಿಚಾರ ಬೇರೂರಿದುದು 20ನೆಯ ಶತಮಾನದ ಮಧ್ಯದಲ್ಲಿ, ಕ್ಲೀವ್‌ಲ್ಯಾಂಡಿನ ಜೇಮ್ಸ್ ಗಾರ್ಡ್ನರ್‌ನಿಂದ. ಮೆದುಳಿನ ನಾಲ್ಕನೆಯ ಕುಹರದ ಬಾಯಿಗಳು ಸರಿಯಾಗಿ ತೆರೆಯದಿದ್ದರೆ, ನಾಡಿಯ ಪ್ರತಿ ಮಿಡಿತಕ್ಕೂ ದ್ರವವು ಹುರಿಯ ಮಧ್ಯನಾಳಕ್ಕೆ ತಳ್ಳಲ್ಪಡುತ್ತದೆಂದು ಆತ ತರ್ಕಿಸಿ, ಮಹಾರಂಧ್ರದ ಎಡೆಯನ್ನು ಬಿಡಿಸಿ, ನಾಳದ ಬಾಯಿಗೆ ಸ್ನಾಯುವಿನ ತುಣುಕನ್ನು ತುರುಕಿದನು. ಅನೇಕ ರೋಗಿಗಳಲ್ಲಿ ಅಂಥ ತೆರೆದ ಮಾರ್ಗವೇ ಇಲ್ಲವೆಂದು ಮುಂದೆ ಕಂಡುಬಂದಿತು. ಸಿದ್ಧಾಂತ ಸಡಿಲವಾದರೂ ಎಡೆಬಿಡಿಸುವ ಶಸ್ತ್ರಕ್ರಿಯೆ ಮಾತ್ರ ಉಳಿಯಿತು. ಕೆಮ್ಮಿದಾಗ ಮೇಲಕ್ಕೆ ನುಗ್ಗಿದ ದ್ರವವು ಕಿಕ್ಕಿರಿದ ಎಡೆಯಿಂದ ಬೇಗ ಇಳಿಯಲಾರದೆಂಬ ಬರ್ಮಿಂಗ್‌ಹ್ಯಾಮಿನ ಬರ್ನಾರ್ಡ್ ವಿಲಿಯಮ್ಸ್‌ನ ವಿವರಣೆ, ಕೆಮ್ಮಿದೊಡನೆ ತಲೆಯ ಹಿಂಬದಿ ನೋಯುತ್ತದೆನ್ನುವ ರೋಗಿಗಳ ಮಾತಿಗೂ ಒಪ್ಪುವಂಥದು.

1994ರಲ್ಲಿ ಓಲ್ಡ್‌ಫೀಲ್ಡ್ ಮತ್ತು ಸಂಗಡಿಗರು ಎಂಆರ್‌ಐ ಹಾಗೂ ಶಬ್ದಾತೀತ ತರಂಗಗಳ ನೆರವಿನಿಂದ, ಕಿರುಮೆದುಳಿನ ಆ ತುದಿಗಳು ಪ್ರತಿ ಮಿಡಿತಕ್ಕೂ ಪಿಸ್ಟನ್ನಿನಂತೆ ಕೆಳಗೊತ್ತುವುದನ್ನು ಕಂಡರು. ಹುರಿಯನ್ನು ಸೀಳದೆ, ಮೂಳೆಯನ್ನು ತೆಗೆದು ಪೊರೆಯನ್ನು ಅಗಲಿಸಿದ ಮಾತ್ರಕ್ಕೆ ಕುಹರ ಕುಗ್ಗಿತು. ಬೆನ್ನುಮೂಳೆಯ ಗಾಯ, ಪೊರೆಗಳ ಉರಿಯೂತ, ಹುರಿಯೊಳಗಿನ ಗೆಡ್ಡೆ ಇವುಗಳಿಂದ ಹುಟ್ಟಿದ ಕುಹರಗಳಿಗೆ ಈ ಕ್ರಮ ಸಲ್ಲದು. ಅಲ್ಲಿ ಅಂಟುಗಳನ್ನು ಬಿಡಿಸುವುದೋ, ಗೆಡ್ಡೆಯನ್ನು ತೆಗೆಯುವುದೋ, ಅನ್ಯೋಪಾಯವಿಲ್ಲದಿದ್ದರೆ ಕೊಳವೆ ಇಡುವುದೋ ವಾಡಿಕೆ. ಇಷ್ಟಾದರೂ, ಹೊರಗಿಂತ ಒಳಗೇ ಒತ್ತಡ ಹೆಚ್ಚಾಗಿರುವ ಕುಹರಕ್ಕೆ ಹೊರಗಣ ದ್ರವ ಹೇಗೆ ನುಗ್ಗೀತು ಎಂಬ ಆಕ್ಷೇಪವನ್ನು ಯಾವ ಪಕ್ಷದವರೂ ಪೂರ್ತಿಯಾಗಿ ಪರಿಹರಿಸಿಲ್ಲ.