ಎಣಿಕೆಗೆ ಮೊದಲು ಎಲ್ಲೆ

ಹಳೆಯ ಮೈಸೂರು ಸೀಮೆಯಲ್ಲಿ ಜನಗಣತಿಗೆ ‘ಖಾನೇಷುಮಾರಿ’ ಎಂಬ ಹೆಸರಿತ್ತು. ಖಾನೆ ಎಂದರೆ ಮನೆ. ಷುಮಾರಿ ಎಂದರೆ ಎಣಿಕೆ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಮಾತಿನ ಬೇರನ್ನು ಕೆದಕುವುದು ಅಭ್ಯಾಸ. ಈ ಪಾರಸಿ ಶಬ್ದದಲ್ಲಿ ಒಂದು ವಿವೇಕ ಅಡಗಿದೆಯೆಂದು ನನಗೆ ತೋರುತ್ತದೆ. ತಲೆಗಳನ್ನು ಎಣಿಸಬೇಕಾದರೆ ಮೊದಲು ಮನೆಯನ್ನು ಗುರುತಿಸಬೇಕು. ಮನೆಯನ್ನು ಗುರುತಿಸಬೇಕಾದರೆ ಅದು ಯಾವ ಊರಿಗೆ ಸೇರಿದ್ದೆಂದು ತಿಳಿಯಬೇಕು. ಊರು ಯಾವುದೆಂದು ತಿಳಿಯಬೇಕಾದರೆ ಅದರ ಗಡಿ ಇತ್ಯರ್ಥವಾಗಿರಬೇಕು. ಚೆಕ್ಕುಬಂದಿಯಿಲ್ಲದ ಕ್ರಯಪತ್ರ ಹೇಗೆ ನಿಲ್ಲುವುದಿಲ್ಲವೋ ಹಾಗೆಯೇ ಎಲ್ಲೆಯಿಲ್ಲದ ಎಣಿಕೆಯೂ ನಿಲ್ಲುವುದಿಲ್ಲ. ಆದರೆ ಆ ಎಲ್ಲೆಯನ್ನು ಎಳೆದವರು ಯಾರು, ಯಾರ ನೆಲದ ಮೇಲೆ ಎಳೆದರು ಎಂಬುದನ್ನು ಅಂಕಿಗಳು ತಾವಾಗಿ ಹೇಳುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಜನಗಣತಿಯ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಆ ದೇಶದಲ್ಲಿ ಗಣತಿಯು ರಾಜ್ಯಾಂಗದ ಜೊತೆಯಲ್ಲಿಯೇ ಹುಟ್ಟಿತು. ಪ್ರತಿನಿಧಿಸಭೆಯಲ್ಲಿ ಯಾವ ಸಂಸ್ಥಾನಕ್ಕೆ ಎಷ್ಟು ಸ್ಥಾನ ಎಂಬುದನ್ನು ಹತ್ತು ವರ್ಷಗಳಿಗೊಮ್ಮೆ ತಲೆಯೆಣಿಕೆಯಿಂದ ನಿರ್ಧರಿಸಬೇಕೆಂದು 1787ರಲ್ಲಿ ರಚಿತವಾದ ರಾಜ್ಯಾಂಗ ವಿಧಿಸಿತು. ಅದೇ ವಿಧಿಯಲ್ಲಿ ಎರಡು ಕಹಿಯಾದ ಮಾತುಗಳೂ ಇದ್ದುವು. ಗುಲಾಮರನ್ನು ಐದಕ್ಕೆ ಮೂರರಂತೆ ಲೆಕ್ಕಕ್ಕೆ ಹಿಡಿಯತಕ್ಕದ್ದು. ತೆರಿಗೆ ಕೊಡದ ಇಂಡಿಯನ್ನರನ್ನು ಲೆಕ್ಕಕ್ಕೆ ಹಿಡಿಯಕೂಡದು. ಕೊಲಂಬಸನ ತಪ್ಪು ತಿಳಿವಳಿಕೆಯಿಂದ ನಮ್ಮ ದೇಶದ ಹೆಸರನ್ನು ಹೊತ್ತ ಆ ಮೂಲನಿವಾಸಿಗಳು, ತಮ್ಮ ಪೂರ್ವಿಕರ ನೆಲದಲ್ಲಿ ಇದ್ದುಕೊಂಡೇ ಲೆಕ್ಕದ ಹೊರಗಾದರು. 1790ರ ಮೊದಲನೆಯ ಗಣತಿಯಲ್ಲಿ ಸುಮಾರು 39 ಲಕ್ಷ ಜನರು ದಾಖಲಾದರು. ಅಲೆಘೆನಿ ಬೆಟ್ಟಗಳಾಚೆ ತಮ್ಮ ತಮ್ಮ ಪದ್ಧತಿಯಂತೆ ಬಾಳುತ್ತಿದ್ದ ಬುಡಕಟ್ಟುಗಳಿಗೆ ಆ ಮೊತ್ತದಲ್ಲಿ ಜಾಗವಿರಲಿಲ್ಲ.

1860ರಲ್ಲಿ ತಮ್ಮ ಬುಡಕಟ್ಟನ್ನು ಬಿಟ್ಟು ಬಿಳಿಯರ ನಡುವೆ ನೆಲಸಿದ್ದ ಮೂಲನಿವಾಸಿಗಳನ್ನು ಪ್ರತ್ಯೇಕವಾಗಿ ಗುರುತಿಸಿ ಎಣಿಸಲು ತೊಡಗಿದರು. ರಿಸರ್ವೇಷನ್ನುಗಳಲ್ಲಿದ್ದವರನ್ನೂ ಸೇರಿಸಿ ದೇಶದಾದ್ಯಂತ ಎಣಿಸಿದ್ದು 1890ರಲ್ಲಿ. ನಮ್ಮಲ್ಲಿ ‘ರಿಸರ್ವೇಷನ್’ ಎಂದರೆ ಮೀಸಲಾತಿ. ಅಲ್ಲಿ ಅದು ಮೀಸಲು ನೆಲ: ಒಪ್ಪಂದಗಳಲ್ಲಿ ಬುಡಕಟ್ಟುಗಳು ಬಿಟ್ಟುಕೊಟ್ಟ ವಿಶಾಲ ಭೂಮಿಯೊಳಗೆ ತಮಗೆಂದು ಉಳಿಸಿಕೊಂಡದ್ದು, ಅಥವಾ ಸರಕಾರ ಅವರಿಗೆಂದು ಗೊತ್ತುಮಾಡಿದ್ದು. 1890ರ ಗಣತಿಯಲ್ಲಿ ಅವರ ಸಂಖ್ಯೆ 2,48,253 ಎಂದು ಬಂತು. ಒಂದು ಖಂಡವನ್ನು ತುಂಬಿದ್ದ ಜನ ನಾಲ್ಕು ಶತಮಾನಗಳಲ್ಲಿ ಎಲ್ಲಿಗೆ ಬಂದು ನಿಂತಿದ್ದರೆಂಬುದಕ್ಕೆ ಆ ಅಂಕಿಯೇ ಸಾಕ್ಷಿ.

1890ರ ಗಣತಿ ಇನ್ನೊಂದು ಕಾರಣಕ್ಕಾಗಿ ಪ್ರಸಿದ್ಧವಾಗಿದೆ. ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನರಿರುವ ಪ್ರದೇಶವನ್ನು ಜನವಸತಿಯಿಲ್ಲದ್ದೆಂದು ಎಣಿಸಿ, ಜನವಸತಿಯ ಅಂಚನ್ನು ಒಂದು ಗೆರೆಯಾಗಿ ನಕ್ಷೆಯಲ್ಲಿ ತೋರಿಸುವುದು ಗಣತಿ ಇಲಾಖೆಯ ವಾಡಿಕೆಯಾಗಿತ್ತು. ಅದಕ್ಕೆ ‘ಫ್ರಾಂಟಿಯರ್’ ಎಂದು ಹೆಸರು. ವಸತಿಗಳು ಎಲ್ಲ ಕಡೆಯೂ ಹರಡಿರುವುದರಿಂದ ಇನ್ನು ಅಂಥ ಗೆರೆಯನ್ನು ಎಳೆಯುವುದು ಸಾಧ್ಯವಿಲ್ಲವೆಂದು ಇಲಾಖೆ ಆ ಸಲ ಸಾರಿತು. ಈ ಮಾತನ್ನೇ ಹಿಡಿದುಕೊಂಡು ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಚರಿತ್ರಕಾರ 1893ರಲ್ಲಿ ಷಿಕಾಗೋದಲ್ಲಿ ಓದಿದ ಪ್ರಬಂಧ ಅಮೆರಿಕದ ಇತಿಹಾಸದ ವ್ಯಾಖ್ಯಾನವನ್ನೇ ಬಹುಕಾಲ ಆಳಿತು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಜನಸಾಂದ್ರತೆಯ ಆ ಲೆಕ್ಕದಲ್ಲಿ, ತೆರಿಗೆ ಕೊಡದ ಇಂಡಿಯನ್ನರು ಸೇರಿರಲಿಲ್ಲ. ಬರಿದಾದ ಭೂಮಿ ಎಂದು ಗಣತಿ ಹೇಳಿದ ಕಡೆಗಳಲ್ಲಿ ಬೇಟೆಯಿತ್ತು, ಬೆಳೆಯಿತ್ತು, ಹಾಡಿತ್ತು, ಸತ್ತವರ ಸಮಾಧಿಗಳಿದ್ದುವು. ಎಣಿಸದಿದ್ದುದರಿಂದ ಅದು ಬರಿದಾಯಿತು. ಅದೇ 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟ ಸಂಸ್ಥಾನದ ಪೈನ್ ರಿಜ್ ರಿಸರ್ವೇಷನ್ನಿನಲ್ಲಿ, ವೂಂಡೆಡ್ ನೀ ಎಂಬ ಹಳ್ಳದ ಬಳಿ, ಸರಕಾರದ ಕುದುರೆ ಸೈನ್ಯ ನೂರೈವತ್ತಕ್ಕೂ ಹೆಚ್ಚು ಮಂದಿ ಲಕೋಟರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಅನೇಕರಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಎಣಿಕೆಯ ಎಲ್ಲೆಗಳು ಶಾಸ್ತ್ರೀಯವಾದುವು. ಸಂಸ್ಥಾನ, ಅದರ ಕೆಳಗೆ ನಮ್ಮ ಜಿಲ್ಲೆಯಂಥ ಕೌಂಟಿ – ಇವು ಆಡಳಿತಕ್ಕಾಗಿ ಆದ ವಿಭಾಗಗಳು. ಆದರೆ ನ್ಯೂಯಾರ್ಕಿನಂಥ ಮಹಾನಗರದ ಒಂದು ಮೂಲೆಯಲ್ಲಿ ಬಡತನ ಹೆಚ್ಚಿತೇ ಕಡಿಮೆಯಾಯಿತೇ ಎಂದು ತಿಳಿಯಲು ಅವು ಸಾಲವು. ನಗರದ ವಾರ್ಡುಗಳೋ ಚುನಾವಣೆಗೊಮ್ಮೆ ಗಡಿ ಬದಲಿಸುವಂಥವು. ಈ ದಶಕದ ಅಂಕಿಯನ್ನು ಮುಂದಿನ ದಶಕದ ಅಂಕಿಯೊಡನೆ ಹೋಲಿಸುವುದಾದರೂ ಹೇಗೆ? ನ್ಯೂಯಾರ್ಕಿನ ಚರ್ಚುಗಳ ಒಕ್ಕೂಟದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಲೇಡ್ಲಾ ಎಂಬಾತ 1906ರಲ್ಲಿ ಒಂದು ಉಪಾಯ ಸೂಚಿಸಿದ. ಗಣತಿಗಾಗಿಯೇ, ಕಾಲಕಾಲಕ್ಕೆ ಬದಲಾಗದ ಸಣ್ಣ ಸಣ್ಣ ಪ್ರದೇಶಗಳನ್ನು ಗೊತ್ತುಮಾಡಬೇಕು. ಇವೇ ‘ಟ್ರ್ಯಾಕ್ಟ್’ಗಳು. 1910ರಲ್ಲಿ ಎಂಟು ನಗರಗಳಿಗೆ ಮಾತ್ರವಿದ್ದ ಈ ಪದ್ಧತಿ ಕ್ರಮೇಣ ದೇಶವನ್ನೆಲ್ಲ ವ್ಯಾಪಿಸಿತು. 2020ರ ಗಣತಿಯಲ್ಲಿ 84 ಸಾವಿರಕ್ಕೂ ಹೆಚ್ಚು ಟ್ರ್ಯಾಕ್ಟುಗಳಿದ್ದುವು. ಒಂದೊಂದರಲ್ಲಿಯೂ 1,200ರಿಂದ 8,000 ಜನ, ಸಾಧ್ಯವಾದರೆ 4,000ದ ಆಸುಪಾಸು, ಇರಬೇಕೆಂಬುದು ನಿಯಮ. ಟ್ರ್ಯಾಕ್ಟನ್ನು ಒಡೆದರೆ ಬ್ಲಾಕ್ ಗುಂಪು. ಅದನ್ನು ಒಡೆದರೆ ಬ್ಲಾಕು. ರಸ್ತೆ, ಹೊಳೆ, ರೈಲುಹಾದಿ ಮುಂತಾದ ಕಣ್ಣಿಗೆ ಕಾಣುವ ಗುರುತುಗಳೂ, ಕಾನೂನು ಎಳೆದ ಗಡಿಗಳೂ ಬ್ಲಾಕಿನ ಅಂಚುಗಳು. ಎಣಿಕೆಯ ಮನೆಗೆ ಇದೇ ಇಟ್ಟಿಗೆ.

ಪ್ರತಿಯೊಂದು ಇಟ್ಟಿಗೆಗೂ ಒಂದು ಸಂಖ್ಯೆಯುಂಟು. ಸಂಸ್ಥಾನಕ್ಕೆ ಎರಡು ಅಂಕಿ, ಕೌಂಟಿಗೆ ಮೂರು, ಟ್ರ್ಯಾಕ್ಟಿಗೆ ಆರು, ಬ್ಲಾಕಿಗೆ ನಾಲ್ಕು, ಒಟ್ಟು ಹದಿನೈದು. ಇಂಥ ಸಂಖ್ಯೆಗಳು ನಮಗೂ ಅಪರಿಚಿತವಲ್ಲ. ಭಾರತದ 2011ರ ಗಣತಿಯಲ್ಲಿ ಕರ್ನಾಟಕದ ಸಂಖ್ಯೆ 29; ಬೆಂಗಳೂರಿನ ಅಂಗಡಿಯ ರಸೀದಿಯಲ್ಲಿರುವ ಜಿ.ಎಸ್.ಟಿ. ಸಂಖ್ಯೆ 29ರಿಂದ ಆರಂಭವಾಗುವುದು ಆ ಕಾರಣದಿಂದಲೇ. ನಮ್ಮ ಕ್ರಮ ಕಾಶ್ಮೀರದಿಂದ ತೊಡಗಿ ದಕ್ಷಿಣಕ್ಕೆ ಇಳಿಯುತ್ತದೆ. ಅವರದು ನಿಘಂಟಿನಂತೆ ಅಕ್ಷರಾನುಕ್ರಮದಲ್ಲಿದೆ. ಕೌಂಟಿಗಳಿಗೆ ಸಂಖ್ಯೆ ಕೊಡುವಾಗ ಅವರು ಸಾಮಾನ್ಯವಾಗಿ ಬೆಸ ಸಂಖ್ಯೆಗಳನ್ನೇ ಬಳಸಿದರು: 001, 003, 005, ಹೀಗೆ. ಮುಂದೆಂದಾದರೂ ಹೊಸ ಹೆಸರೊಂದು ಬಂದರೆ ನಡುವೆ ತೂರಿಸಲು ಜಾಗವಿರಲೆಂಬ ಮುಂದಾಲೋಚನೆ ಅದು.

ಆ ಖಾಲಿ ಜಾಗ ಒಮ್ಮೆ ಬಹಳ ಅರ್ಥವತ್ತಾಗಿ ಉಪಯೋಗಕ್ಕೆ ಬಂತು. ಮೇಲೆ ಹೇಳಿದ ವೂಂಡೆಡ್ ನೀ ಇರುವ ಕೌಂಟಿ ಇಡಿಯಾಗಿ ಪೈನ್ ರಿಜ್ ರಿಸರ್ವೇಷನ್ನಿನ ಒಳಗಿದೆ. ಅಲ್ಲಿ ವಾಸಿಸುವವರಲ್ಲಿ ಬಹುಪಾಲು ಒಗ್ಲಾಲ ಲಕೋಟರು. ಆದರೆ ಕೌಂಟಿಗೆ ಇದ್ದ ಹೆಸರು ‘ಶಾನನ್’. ಪೀಟರ್ ಶಾನನ್ ಡಕೋಟ ಪ್ರಾಂತದ ಮುಖ್ಯ ನ್ಯಾಯಾಧೀಶನಾಗಿದ್ದವನು. ಲಕೋಟರ ಭೂಮಿಯನ್ನು ಬಿಡಿಸಿಕೊಳ್ಳಲೆಂದು 1882ರಲ್ಲಿ ಹೊರಟ ಆಯೋಗದಲ್ಲಿ ಒಬ್ಬ ಸದಸ್ಯ. ನೆಲ ಕಳೆದುಕೊಂಡವರು ನೆಲ ಕೇಳಲು ಬಂದವನ ಹೆಸರಿನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ವಿಳಾಸ ಬರೆಯಬೇಕಾಯಿತು. 2014ರ ನವೆಂಬರಿನಲ್ಲಿ ಅಲ್ಲಿಯ ಮತದಾರರು ಈ ಹೆಸರನ್ನು ತೆಗೆದುಹಾಕಲು ಬಹುಮತದಿಂದ ತೀರ್ಮಾನಿಸಿದರು. 2015ರಲ್ಲಿ ಅದು ‘ಒಗ್ಲಾಲ ಲಕೋಟ ಕೌಂಟಿ’ಯಾಯಿತು. ಹೆಸರಿನ ಮೊದಲಕ್ಷರ ಬದಲಾದ್ದರಿಂದ ಅಕ್ಷರಾನುಕ್ರಮದಲ್ಲಿ ಸ್ಥಾನವೂ ಬದಲಾಯಿತು. ಹಳೆಯ ಸಂಖ್ಯೆ 113 ಹೋಯಿತು. ಮೂಡಿ ಕೌಂಟಿಯ 101ಕ್ಕೂ ಪೆನ್ನಿಂಗ್ಟನ್ ಕೌಂಟಿಯ 103ಕ್ಕೂ ನಡುವೆ ಖಾಲಿಯಾಗಿದ್ದ 102 ದೊರೆಯಿತು. ಸ್ಥಳನಾಮಗಳ ಅಧ್ಯಯನದಲ್ಲಿ ಆಸಕ್ತಿಯುಳ್ಳವರಿಗೆ ಈ ಸಮಸಂಖ್ಯೆ ಒಂದು ಶಿಲಾಶಾಸನದಷ್ಟೇ ಅಮೂಲ್ಯ.

ಹೆಸರು ಬದಲಾದರೂ ಮೂಲ ತೊಡಕು ಉಳಿಯುತ್ತದೆ. ಸಂಸ್ಥಾನ, ಕೌಂಟಿ, ಟ್ರ್ಯಾಕ್ಟು ಎಂಬ ಏಣಿಯನ್ನು ಕಟ್ಟಿದವರು ಮೂಲನಿವಾಸಿಗಳಲ್ಲ. ಅವರ ನೆಲ ಆ ಏಣಿಗೆ ಹೊಂದುವುದೂ ಇಲ್ಲ. ನವಹೋ ಜನರ ನಾಡು ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ಸಂಸ್ಥಾನಗಳಲ್ಲಿ ಹರಡಿದೆ. ಅವರು 1868ರಲ್ಲಿ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಸೆರೆಯಿಂದ ತಮ್ಮ ನೆಲಕ್ಕೆ ಹಿಂದಿರುಗಿದಾಗ ಈ ಮೂರರಲ್ಲಿ ಒಂದೂ ಇನ್ನೂ ಸಂಸ್ಥಾನವಾಗಿರಲಿಲ್ಲ. ಕೌಂಟಿಗಳ ಲೆಕ್ಕ ಹಿಡಿದರೆ ನವಹೋ ನಾಡು ಹಲವು ಚೂರುಗಳಾಗಿ, ಒಂದೊಂದು ಚೂರೂ ಬೇರೆ ಬೇರೆ ಮೊತ್ತದಲ್ಲಿ ಕರಗಿಹೋಗುತ್ತದೆ.

ಇದಕ್ಕೆ ಗಣತಿ ಇಲಾಖೆ ಕಂಡುಕೊಂಡ ಪರಿಹಾರವೆಂದರೆ ಎರಡನೆಯ ಏಣಿ. ಮೂಲನಿವಾಸಿಗಳ ಪ್ರದೇಶಗಳಿಗೆ ಸಂಸ್ಥಾನದ ಹಂಗಿಲ್ಲದ ನಾಲ್ಕಂಕಿಯ ಸಂಖ್ಯೆಗಳನ್ನು ಕೊಟ್ಟರು. ನವಹೋ ನಾಡಿನ ಸಂಖ್ಯೆ 2430. ಮೂರು ಸಂಸ್ಥಾನಗಳಲ್ಲಿಯೂ ಅದೊಂದೇ. ರಿಸರ್ವೇಷನ್ನಿನ ನೆಲವಾದರೆ ಮುಂದೆ ‘ಆರ್’ ಎಂಬ ಅಕ್ಷರ. ಅದರ ಹೊರಗಿದ್ದು ಬುಡಕಟ್ಟಿನ ಪರವಾಗಿ ಕೇಂದ್ರ ಸರಕಾರ ನ್ಯಾಸವಾಗಿ ಇಟ್ಟುಕೊಂಡಿರುವ ನೆಲವಾದರೆ ‘ಟಿ’. ನವಹೋಗಳು ತಮ್ಮ ಸ್ಥಳೀಯ ಸಭೆಗಳನ್ನು ‘ಚಾಪ್ಟರ್’ಗಳೆನ್ನುತ್ತಾರೆ, 110 ಚಾಪ್ಟರುಗಳಿಗೂ ಗಣತಿಯಲ್ಲಿ ಪ್ರತ್ಯೇಕ ಸ್ಥಾನವುಂಟು. 2010ರಿಂದ ಬುಡಕಟ್ಟಿನ ಟ್ರ್ಯಾಕ್ಟುಗಳನ್ನು ಕೌಂಟಿಗಳಿಂದ ಸ್ವತಂತ್ರವಾಗಿ ಗುರುತಿಸುತ್ತಾರೆ. ಅವು ಕೌಂಟಿಯ ಗಡಿಯನ್ನೂ ಸಂಸ್ಥಾನದ ಗಡಿಯನ್ನೂ ದಾಟಬಹುದು. ರಿಸರ್ವೇಷನ್ನಿನ ಗಡಿ ಯಾವಾಗಲೂ ಬ್ಲಾಕಿನ ಅಂಚಾಗಿರಬೇಕೆಂಬ ನಿಯಮವಿರುವುದರಿಂದ, ಅವೇ ಇಟ್ಟಿಗೆಗಳನ್ನು ಬೇರೊಂದು ರೀತಿಯಲ್ಲಿ ಜೋಡಿಸಿದರೆ ಬುಡಕಟ್ಟಿನ ನಾಡು ಇಡಿಯಾಗಿ ಎದ್ದು ಕಾಣುತ್ತದೆ.

ಎಲ್ಲ ಬುಡಕಟ್ಟುಗಳಿಗೂ ಇಷ್ಟು ಸ್ಪಷ್ಟವಾದ ನೆಲ ಉಳಿದಿರಲಿಲ್ಲ. 1887ರ ಡಾಸ್ ಕಾಯಿದೆ ಸಾಮೂಹಿಕ ಭೂಮಿಯನ್ನು ಒಬ್ಬೊಬ್ಬರಿಗೆ ಹಂಚಿ, ಮಿಕ್ಕದ್ದನ್ನು ಬಿಳಿಯರಿಗೆ ತೆರೆಯಿತು. 1934ರಲ್ಲಿ ಆ ನೀತಿ ನಿಲ್ಲುವ ಹೊತ್ತಿಗೆ ಸುಮಾರು ಒಂಬತ್ತು ಕೋಟಿ ಎಕರೆ ಮೂಲನಿವಾಸಿಗಳ ಕೈಬಿಟ್ಟಿತ್ತು. 1907ರಲ್ಲಿ ಓಕ್ಲಹೋಮ ಸಂಸ್ಥಾನವಾದಾಗ ಅಲ್ಲಿಯ ರಿಸರ್ವೇಷನ್ನುಗಳು ಮುಗಿದುವೆಂದೇ ಬಹುಮಂದಿ ಭಾವಿಸಿದರು. ಹಾಗಾದರೆ ಚೆರೊಕಿ, ಕ್ರೀಕ್, ಚೊಕ್ಟಾ ಮುಂತಾದವರನ್ನು ಯಾವ ಎಲ್ಲೆಯೊಳಗೆ ಎಣಿಸುವುದು? ಹಿಂದೆ ಇದ್ದ ರಿಸರ್ವೇಷನ್ನುಗಳ ಗಡಿಗಳನ್ನೇ ಆಧರಿಸಿ ‘ಓಕ್ಲಹೋಮ ಬುಡಕಟ್ಟಿನ ಅಂಕಿಅಂಶ ಪ್ರದೇಶ’ಗಳೆಂದು ಇಲಾಖೆ ಗೊತ್ತುಮಾಡಿತು. ಇದು ಲೆಕ್ಕಕ್ಕಾಗಿ ಮಾತ್ರ ಎಳೆದ ಗೆರೆ, ಹಕ್ಕಿನ ಗೆರೆಯಲ್ಲ ಎಂಬುದು ಅದರ ನಿಲುವು. ಅಲಾಸ್ಕದ ಹಳ್ಳಿಗಳಿಗೂ ಇದೇ ಬಗೆಯ ಏರ್ಪಾಡಾಯಿತು. 1971ರ ಕಾಯಿದೆಯಿಂದಾಗಿ ಅಲ್ಲಿ ಉಳಿದ ರಿಸರ್ವೇಷನ್ ಒಂದೇ ಒಂದು.

ಚರಿತ್ರೆಗೆ ತನ್ನದೇ ಆದ ವ್ಯಂಗ್ಯವುಂಟು. 2020ರ ಜುಲೈ 9ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮೆಗರ್ಟ್ ಮೊಕದ್ದಮೆಯಲ್ಲಿ ತೀರ್ಪಿತ್ತು, ಕ್ರೀಕರ ರಿಸರ್ವೇಷನ್ನನ್ನು ಶಾಸನಸಭೆ ಎಂದೂ ರದ್ದುಪಡಿಸಿರಲಿಲ್ಲವೆಂದು ಹೇಳಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಇಲ್ಲವೆಂದು ಎಲ್ಲರೂ ನಂಬಿದ್ದ ಗಡಿ, ಅಪರಾಧ ವಿಚಾರಣೆಯ ಮಟ್ಟಿಗೆ, ಕಾಗದದಿಂದ ಎದ್ದು ನಿಂತಿತು. ಟಲ್ಸ ನಗರದ ಬಹುಭಾಗವೂ ಅದರೊಳಗೆ ಬಂತು. ಬರಿಯ ಲೆಕ್ಕದ ಗೆರೆಯೆನಿಸಿಕೊಂಡದ್ದು ಹಕ್ಕಿನ ಗೆರೆಯ ನೆರಳಾಗಿತ್ತೆಂಬುದು ಆಗ ತಿಳಿಯಿತು.

ಇದೆಲ್ಲ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಬುಡಕಟ್ಟುಗಳಿಗೆ ಮನೆ ಕಟ್ಟಲು ಕೇಂದ್ರ ಸರಕಾರ ಹಂಚುವ ಹಣ ಗಣತಿಯ ಅಂಕಿಗಳನ್ನು ನೋಡಿಕೊಳ್ಳುತ್ತದೆ. 2020ರ ಗಣತಿ ಮುಗಿದ ಮೇಲೆ ಇಲಾಖೆಯೇ ನಡೆಸಿದ ಪರೀಕ್ಷೆಯಂತೆ, ರಿಸರ್ವೇಷನ್ನುಗಳಲ್ಲಿ ವಾಸಿಸುವ ಮೂಲನಿವಾಸಿಗಳಲ್ಲಿ ಶೇಕಡ 5.64ರಷ್ಟು ಮಂದಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಮನೆಗೆ ನಂಬರಿಲ್ಲದ, ಅಂಚೆಯನ್ನು ದೂರದ ಪೆಟ್ಟಿಗೆಯಿಂದ ತರಬೇಕಾದ, ಮಣ್ಣಿನ ರಸ್ತೆಗಳ ಆ ಸೀಮೆಯಲ್ಲಿ ಖಾನೆ ಸಿಕ್ಕದಿದ್ದರೆ ಷುಮಾರಿ ಎಲ್ಲಿಂದ ಬಂದೀತು? ನೂರಕ್ಕೆ ಐದಾರು ಜನ ತಪ್ಪಿದರೆ ಹತ್ತು ವರ್ಷಗಳ ಕಾಲ ಅಷ್ಟು ಮನೆ, ಅಷ್ಟು ಔಷಧ, ಅಷ್ಟು ಶಾಲೆ ತಪ್ಪಿದಂತೆ.

ಆದರೂ ಇಲ್ಲಿ ಒಂದು ದೊಡ್ಡ ಬದಲಾವಣೆಯಾಗಿದೆಯೆಂಬುದನ್ನು ಒಪ್ಪಬೇಕು. ಈಗ ಇಲಾಖೆ ಗಡಿಗಳ ವಿಷಯದಲ್ಲಿ ಬುಡಕಟ್ಟುಗಳ ಸರಕಾರಗಳನ್ನು ಪ್ರತಿವರ್ಷವೂ ವಿಚಾರಿಸುತ್ತದೆ. ನಕ್ಷೆಯನ್ನು ತಿದ್ದುವ ಅವಕಾಶ ಅವರಿಗುಂಟು. 2020ರಲ್ಲಿ ತಮ್ಮನ್ನು ಮೂಲನಿವಾಸಿಗಳೆಂದು, ಪೂರ್ಣವಾಗಿಯೋ ಭಾಗಶಃವೋ, ಹೇಳಿಕೊಂಡವರು 97 ಲಕ್ಷ ಮಂದಿ. 1890ರಲ್ಲಿ ಅಧಿಕಾರಿ ಗೆರೆ ಎಳೆದ, ಅಧಿಕಾರಿಯೇ ಎಣಿಸಿದ. ಇಂದು ಎಣಿಸಿಕೊಳ್ಳುವವನು ತಾನು ಯಾರೆಂಬುದನ್ನು ತಾನೇ ಹೇಳುತ್ತಾನೆ. ತನ್ನ ನೆಲ ಎಲ್ಲಿಯವರೆಗೆ ಎಂಬುದನ್ನು ಅವನ ಬುಡಕಟ್ಟು ಹೇಳುತ್ತದೆ. ಹೇಳಿದ್ದೆಲ್ಲವೂ ನಡೆಯುತ್ತದೆಂದಲ್ಲ. ಆದರೆ ಕೇಳುವುದೇ ಇಲ್ಲದಿದ್ದ ಕಾಲವೊಂದಿತ್ತು; ಆ ಕಾಲ ಕಳೆಯಲು ಇನ್ನೂರು ವರ್ಷಗಳೇ ಬೇಕಾದುವು.