ಬಾಗಿಲಾಚೆ ಕೂತು ಕೇಳಿದ ಪಾಠ

ಇವತ್ತಿನ ಕಥೆ ಅಮೆರಿಕದ್ದು, 1906ರದ್ದು. ಹೂಸ್ಟನ್‌ನ ಬೈಬಲ್ ಶಾಲೆಯಲ್ಲಿ ಚಾರ್ಲ್ಸ್ ಪಾರ್ಹಮ್ ಪಾಠ ಮಾಡ್ತಿದ್ರು: ಪವಿತ್ರಾತ್ಮನ ವರಗಳು ಇಂದಿಗೂ ಉಂಟು, ಅನ್ಯಭಾಷೆಯಲ್ಲಿ ಮಾತಾಡೋದೇ ಅದರ ಗುರುತು ಅಂತ. ವಿಲಿಯಂ ಸೀಮೋರ್ ಕಪ್ಪು ವರ್ಣದವರು. ಬಿಳಿಯರ ಜೊತೆ ಕೂರೋ ಹಾಗಿರಲಿಲ್ಲ, ಕೋಣೆಯ ಹೊರಗೆ ಕೂತೇ ಕೇಳಿಸಿಕೊಂಡರು.

ಏಪ್ರಿಲ್‌ನಲ್ಲಿ ಅದೇ ಸೀಮೋರ್ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಸಭೆ ಶುರುಮಾಡಿದರು. ಕಪ್ಪು ಜನ, ಬಿಳಿಯರು, ಮೆಕ್ಸಿಕನ್ನರು ಒಟ್ಟಿಗೆ ಮಂಡಿಯೂರಿದರು. ಪೆಂಟೆಕೋಸ್ಟಲ್ ಚಳವಳಿ ಜಗತ್ತಿಗೆ ಹಬ್ಬಿದ್ದರಲ್ಲಿ ಈ ಸಭೆಯ ಪಾಲು ದೊಡ್ಡದು. ಪಾರ್ಹಮ್ ಬಂದು ನೋಡಿದವರೇ ಈ ಬೆರಕೆಯನ್ನು ಖಂಡಿಸಿದರು.

ಇತ್ತ ಪ್ರಿನ್ಸ್‌ಟನ್‌ನ ಬಿ.ಬಿ. ವಾರ್‌ಫೀಲ್ಡ್ 1918ರ ಪುಸ್ತಕದಲ್ಲಿ ಬೇರೆಯದೇ ವಾದ ಇಟ್ಟರು: ಅದ್ಭುತದ ವರಗಳು ಅಪೊಸ್ತಲರ ಅಧಿಕಾರಕ್ಕೆ ಒತ್ತಿದ ಮುದ್ರೆ, ಅವರ ಜೊತೆಗೇ ಮುಗಿದವು.

ಅಂದ್ರೆ, ವರ ಯಾಕೆ ಕೊಟ್ಟದ್ದು ಅನ್ನೋದೇ ಪ್ರಶ್ನೆ. ಬರೀ ಮುದ್ರೆಯಾದರೆ ಕೆಲಸ ಮುಗೀತು. ಪೌಲ ಕೊರಿಂಥದವರಿಗೆ ಬರೆದ ಹಾಗೆ ಸಭೆ ಕಟ್ಟೋದಕ್ಕಾದರೆ, ಕೆಲಸ ಇನ್ನೂ ಬಾಕಿ. ಸೀಮೋರ್ ಆಮೇಲೆ ಗುರುವಿನ ಪಾಠವನ್ನೇ ತಿದ್ದಿದರು: ಅನ್ಯಭಾಷೆಯೊಂದೇ ಗುರುತಾಗದು, ಪ್ರೀತಿ ಕಾಣಬೇಕು. ಬಾಗಿಲಾಚೆ ಕೂರಿಸಿಕೊಂಡವರು ಹೇಳಿದ ಮಾತು ಅದು.