ರ‍್ಯಾಮ್ ಕೊಳ್ಳುವ ಮುನ್ನ: ಮಿತಬೆಲೆಯ ಗೇಮಿಂಗ್ ಗಣಕಕ್ಕೆ ಹೊಂದುವ ಮೆಮೊರಿ ಯಾವುದು?

ಆಂಧ್ರದ ಈ ಎರಡು ನಗರಗಳಲ್ಲಿ, ವಿಜಯವಾಡ ಮತ್ತು ವಿಶಾಖಪಟ್ಟಣಗಳಲ್ಲಿ, ನೌಕರಿಯ ನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರು ಓದಿಗೂ ಆಟಕ್ಕೂ ಒಂದೇ ಗಣಕಯಂತ್ರವನ್ನು ಇಟ್ಟುಕೊಂಡಿದ್ದಾರೆ. ಮಿತವಾದ ಹಣದಲ್ಲಿ ಜೋಡಿಸಿದ ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ 8 ಜಿಬಿ ರ‍್ಯಾಮ್ ಇರುತ್ತದೆ. ಹೊಸ ಆಟಗಳು ಬಂದಂತೆ ಅದು ಸಾಲದಾಗುತ್ತದೆ. ಆಗ ರ‍್ಯಾಮ್ ಹೆಚ್ಚಿಸುವ ಮಾತು ಬರುತ್ತದೆ. ಕೊಂಡು ತಂದದ್ದು ಯಂತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ಮೊದಲೇ ಅರಿಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

ಈ ವಿಷಯವನ್ನು ನಾವು ಕಲಿತದ್ದು ನಷ್ಟಪಟ್ಟು. ವಿಶಾಖಪಟ್ಟಣದಲ್ಲಿ ಓದುತ್ತಿರುವ ತಮ್ಮನ ಮಗ ಫೋನು ಮಾಡಿ, "ದೊಡ್ಡಪ್ಪ, ನನ್ನದು ಹನ್ನೆರಡನೆಯ ಪೀಳಿಗೆಯ ಐ3. 8 ಜಿಬಿ ಇದೆ, ಇನ್ನೊಂದು 8 ಜಿಬಿ ತಂದುಕೊಡಿ" ಎಂದ. ನಾವು ವಿಜಯವಾಡದ ಅಂಗಡಿಯೊಂದರಲ್ಲಿ ಅವನು ಹೇಳಿದಷ್ಟನ್ನೇ ಹೇಳಿದೆವು. ಕೊಟ್ಟದ್ದನ್ನು ಕೊಂಡು, ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ 350 ಕಿಲೋಮೀಟರು ಹೊತ್ತೊಯ್ದೆವು. ಪೊಟ್ಟಣ ಒಡೆದು ನೋಡಿದರೆ ಅದು ಡಿಡಿಆರ್ 5. ಹುಡುಗನ ಮದರ್‌ಬೋರ್ಡಿಗೆ ಬೇಕಾದದ್ದು ಡಿಡಿಆರ್ 4. ಪೊಟ್ಟಣ ಒಡೆದ ಮಾಲನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಕೇಳುವುದನ್ನು ಸರಿಯಾಗಿ ಕೇಳದ ತಪ್ಪು ನಮ್ಮದೇ ಆಗಿತ್ತು.

ಇಂಥ ತಪ್ಪು ಈಗ ಇನ್ನೂ ದುಬಾರಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಮೆಮೊರಿ ಚಿಪ್ಪುಗಳಿಗೆ ಬೇಡಿಕೆ ಹೆಚ್ಚಿ, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಬಿಡಿ ಗ್ರಾಹಕರಿಗೆ ಮಾರುವ ಕ್ರೂಶಿಯಲ್ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು.

ಮೊದಲ ಪ್ರಶ್ನೆ: ಅಗತ್ಯವಿದೆಯೇ?

ಆಟ ತಡೆತಡೆದು ಓಡುವುದಕ್ಕೆ ರ‍್ಯಾಮ್ ಕೊರತೆಯೊಂದೇ ಕಾರಣವಲ್ಲ. ಆಟ ನಡೆಯುತ್ತಿರುವಾಗಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ನೋಡಬೇಕು. ಅದು ಬಹುತೇಕ ತುಂಬಿಯೇ ಇದ್ದರೆ ರ‍್ಯಾಮ್ ಹೆಚ್ಚಿಸುವುದರಿಂದ ಪ್ರಯೋಜನವಿದೆ. ಅರ್ಧಕ್ಕರ್ಧ ಖಾಲಿಯಿದ್ದರೆ ದೋಷ ಗ್ರಾಫಿಕ್ಸ್ ಕಾರ್ಡಿನಲ್ಲೋ ಪ್ರೊಸೆಸರಿನಲ್ಲೋ ಇರಬಹುದು. ಆಟಗಳ ಬೇಡಿಕೆ ಏರುತ್ತಿರುವುದಂತೂ ನಿಜ. ಸೈಬರ್‌ಪಂಕ್ 2077 ಆಟ 2020ರಲ್ಲಿ ಬಂದಾಗ ಕನಿಷ್ಠ 8 ಜಿಬಿ ಕೇಳುತ್ತಿತ್ತು. 2023ರಲ್ಲಿ ಅದರ ಕನಿಷ್ಠ ಬೇಡಿಕೆಯನ್ನು 12 ಜಿಬಿಗೆ ಏರಿಸಲಾಯಿತು.

ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ, ಇರುವ ಸ್ಲಾಟುಗಳೆಷ್ಟು, ಅವುಗಳಲ್ಲಿ ಬಳಕೆಯಾದವೆಷ್ಟು, ಈಗಿನ ರ‍್ಯಾಮಿನ ವೇಗವೆಷ್ಟು ಎಂಬುದೂ ಕಾಣುತ್ತದೆ. ಇವನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ.

ಮದರ್‌ಬೋರ್ಡಿನ ಹೆಸರೇ ಆಧಾರ

ಪ್ರೊಸೆಸರಿನ ಪೀಳಿಗೆ ಹೇಳಿದರೆ ಸಾಲದು ಎಂಬುದೇ ಈ ಲೇಖನದ ಮುಖ್ಯ ಮಾತು. ಇಂಟೆಲ್‌ನ 12, 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಡಿಡಿಆರ್ 4, ಡಿಡಿಆರ್ 5 ಎರಡನ್ನೂ ಬಲ್ಲವು. ಆದರೆ ಯಾವ ಬಗೆಯ ಸ್ಲಾಟನ್ನು ಕೊಡಬೇಕೆಂದು ನಿರ್ಧರಿಸಿರುವವರು ಮದರ್‌ಬೋರ್ಡಿನ ತಯಾರಕರು. ಎಚ್610 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿಯೇ ಎರಡು ಬಗೆಯವೂ ಉಂಟು. ಹಿಂದೆ ಆರನೆಯ ಪೀಳಿಗೆಯಲ್ಲಿಯೂ ಹೀಗೆಯೇ ಆಗಿತ್ತು: ಎಚ್110 ಬೋರ್ಡುಗಳಲ್ಲಿ ಕೆಲವು ಡಿಡಿಆರ್ 3, ಕೆಲವು ಡಿಡಿಆರ್ 4.

ಎಎಂಡಿ ಪ್ರೊಸೆಸರುಗಳಲ್ಲಿ ಈ ಗೊಂದಲ ಕಡಿಮೆ. ಎಎಂ4 ಸಾಕೆಟ್ಟಿನ ರೈಜನ್ ಯಂತ್ರಗಳಿಗೆ ಡಿಡಿಆರ್ 4 ಮಾತ್ರ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್ 5 ಮಾತ್ರ.

ಬೋರ್ಡಿನ ಹೆಸರು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ವಿಂಡೋಸಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಹೆಸರು ಸಿಗುತ್ತದೆ. ಉಚಿತವಾಗಿ ದೊರೆಯುವ ಸಿಪಿಯು-ಝಡ್ ತಂತ್ರಾಂಶವೂ ಇದನ್ನು ತೋರಿಸುತ್ತದೆ. ಹೆಸರಿನ ಕೊನೆಯಲ್ಲಿರುವ ಡಿ4 ಮುಂತಾದ ಅಕ್ಷರಗಳನ್ನೂ ಬಿಡದೆ ಬರೆದುಕೊಳ್ಳಬೇಕು. ಅನೇಕ ಬೋರ್ಡುಗಳಲ್ಲಿ ರ‍್ಯಾಮಿನ ಬಗೆಯನ್ನು ಸೂಚಿಸುವುದು ಅದೇ.

ಪೀಳಿಗೆ ಮತ್ತು ಆಕಾರ

ಡಿಡಿಆರ್ 3ಕ್ಕೆ 240 ಪಿನ್ನುಗಳು, ವೋಲ್ಟೇಜ್ 1.5. ಡಿಡಿಆರ್ 4ಕ್ಕೆ 288 ಪಿನ್ನುಗಳು, ವೋಲ್ಟೇಜ್ 1.2. ಡಿಡಿಆರ್ 5ಕ್ಕೂ 288 ಪಿನ್ನುಗಳೇ. ಆದರೆ ವೋಲ್ಟೇಜ್ 1.1, ಮತ್ತು ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ಪಿನ್ನುಗಳ ಸಂಖ್ಯೆ ಒಂದೇ ಎಂದು ನಂಬಿ ಒತ್ತಿದರೆ ಸ್ಲಾಟು ಮುರಿಯುವ ಅಪಾಯವುಂಟು. ಒಂದು ಪೀಳಿಗೆಯ ಸ್ಲಾಟಿಗೆ ಇನ್ನೊಂದು ಪೀಳಿಗೆಯದು ಎಂದಿಗೂ ಹೊಂದದು.

ಲ್ಯಾಪ್‌ಟಾಪಿನ ರ‍್ಯಾಮ್ ಗಿಡ್ಡದು. ಅದನ್ನು ಎಸ್‌ಒ-ಡಿಐಎಂಎಂ ಎನ್ನುತ್ತಾರೆ. ಡೆಸ್ಕ್‌ಟಾಪಿಗೆ ಅದು ಬಾರದು. ಹಳೆಯ ಸರ್ವರುಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಕೆಲವೊಮ್ಮೆ ಅಗ್ಗದಲ್ಲಿ ಸಿಗುತ್ತದೆ. ಡಿಡಿಆರ್ 4ರಲ್ಲಿ ಅದು ಸ್ಲಾಟಿನಲ್ಲಿ ಕೂರುವಂತೆ ಕಂಡರೂ ಸಾಮಾನ್ಯ ಮನೆಯ ಗಣಕ ಅದರಿಂದ ಚಾಲೂ ಆಗುವುದಿಲ್ಲ. ಡೆಸ್ಕ್‌ಟಾಪಿಗೆ ಬೇಕಾದದ್ದು ಅನ್‌ಬಫರ್ಡ್ ಬಗೆಯದು.

ಗಾತ್ರಕ್ಕೊಂದು ಮಿತಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಹಳೆಯ ಎಚ್61 ಮತ್ತು ಎಚ್81 ಬೋರ್ಡುಗಳ ಮಿತಿ 16 ಜಿಬಿ, ಅಂದರೆ ಸ್ಲಾಟಿಗೆ 8 ಜಿಬಿ. ಅಂಥ ಬೋರ್ಡಿಗೆ 16 ಜಿಬಿಯ ಒಂದೇ ಪಟ್ಟಿ ತಂದರೆ ಹಣ ವ್ಯರ್ಥ. ನಿಮ್ಮ ಬೋರ್ಡಿನ ಮಿತಿಯನ್ನು ತಯಾರಕರ ಜಾಲತಾಣದಲ್ಲಿ ನೋಡಬಹುದು. ಅಲ್ಲಿಯೇ ಪರೀಕ್ಷಿಸಿ ಒಪ್ಪಿದ ರ‍್ಯಾಮುಗಳ ಪಟ್ಟಿಯೂ ಇರುತ್ತದೆ. ಪಟ್ಟಿಯಲ್ಲಿಲ್ಲದ್ದು ಓಡುವುದೇ ಇಲ್ಲವೆಂದು ಅರ್ಥವಲ್ಲ, ಅದನ್ನು ಅವರು ಪರೀಕ್ಷಿಸಿಲ್ಲ ಎಂದಷ್ಟೇ. ಆದರೂ ಪಟ್ಟಿಯಲ್ಲಿರುವುದು ಸಿಕ್ಕರೆ ಅದೇ ಲೇಸು.

ವೇಗದ ಲೆಕ್ಕ

ರ‍್ಯಾಮಿನ ಮೇಲಿನ ಚೀಟಿಯಲ್ಲಿ ಕೆಲವೊಮ್ಮೆ ಪಿಸಿ4-25600 ಎಂದಿರುತ್ತದೆ. ಇದನ್ನು ಕಂಡು ಬೆದರಬೇಕಾಗಿಲ್ಲ. ಆ ಸಂಖ್ಯೆಯನ್ನು 8ರಿಂದ ಭಾಗಿಸಿದರೆ 3200 ಬರುತ್ತದೆ. ಅದೇ ಅದರ ವೇಗ. ಪಿಸಿ3-12800 ಎಂದರೆ ಡಿಡಿಆರ್ 3ರ 1600. ಹಾಗೆಯೇ, ಸಿಪಿಯು-ಝಡ್ ತಂತ್ರಾಂಶ ನಿಜವಾದ ಗಡಿಯಾರದ ಗತಿಯನ್ನು ತೋರಿಸುವುದರಿಂದ 3200ರ ರ‍್ಯಾಮಿಗೆ 1600 ಎಂದು ಬರೆಯುತ್ತದೆ. ಅಂಗಡಿಯವರು ಅರ್ಧ ವೇಗದ್ದನ್ನು ಕೊಟ್ಟರೆಂದು ಜಗಳಕ್ಕೆ ಹೋಗಬಾರದು.

ಎರಡು ಬೇರೆ ವೇಗದ ಪಟ್ಟಿಗಳನ್ನು ಕೂಡಿಸಿದರೆ ಎರಡೂ ನಿಧಾನದ್ದರ ವೇಗದಲ್ಲಿ ಓಡುತ್ತವೆ. ಎಚ್610ರಂಥ ಅಗ್ಗದ ಚಿಪ್‌ಸೆಟ್ಟುಗಳಲ್ಲಿ ಮೆಮೊರಿಯ ವೇಗವನ್ನು ನಿಗದಿಗಿಂತ ಮೇಲಕ್ಕೆ ಏರಿಸುವ ಅವಕಾಶವಿಲ್ಲ. ಆದ್ದರಿಂದ ಡಿಡಿಆರ್ 4ರ ಎಚ್610 ಬೋರ್ಡಿಗೆ 3600ರ ರ‍್ಯಾಮ್ ತಂದರೂ ಅದು 3200ಕ್ಕಿಂತ ಮೇಲೆ ಓಡದು. ಹೆಚ್ಚು ಕೊಟ್ಟ ಹಣಕ್ಕೆ ಫಲವಿಲ್ಲ. ಅವಕಾಶವಿರುವ ಬೋರ್ಡುಗಳಲ್ಲಿ ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ನಾವೇ ಚಾಲೂ ಮಾಡಬೇಕು. ಇಲ್ಲದಿದ್ದರೆ ವೇಗದ ರ‍್ಯಾಮೂ ಮೂಲ ವೇಗದಲ್ಲೇ ಉಳಿಯುತ್ತದೆ.

ಒಂದೋ ಎರಡೋ?

16 ಜಿಬಿ ಬೇಕೆಂದರೆ 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಮೇಲು. 3200 ವೇಗದ ಡಿಡಿಆರ್ 4 ಒಂದೇ ಚಾನೆಲ್ಲಿನಲ್ಲಿ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು. ಎರಡು ಚಾನೆಲ್ಲುಗಳಲ್ಲಿ 51.2. ರೈಜನ್ 5 5600ಜಿ ಅಂಥ ಪ್ರೊಸೆಸರುಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. ಅವು ಚಿತ್ರಕ್ಕೂ ಇದೇ ರ‍್ಯಾಮನ್ನು ಬಳಸುತ್ತವೆ. ಅಂಥ ಯಂತ್ರದಲ್ಲಿ ಎರಡನೆಯ ಪಟ್ಟಿ ಹಾಕಿದೊಡನೆ ಆಟದ ಓಟ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಕಾರ್ಡು ಇರುವ ಯಂತ್ರದಲ್ಲಿ ಲಾಭ ಇದಕ್ಕಿಂತ ಕಡಿಮೆ.

ಹಳೆಯದರ ಜತೆಗೆ ಹೊಸದನ್ನು ಸೇರಿಸುವಾಗ ಅದೇ ಕಂಪನಿ, ಅದೇ ಗಾತ್ರ, ಅದೇ ವೇಗದ್ದನ್ನು ಹುಡುಕುವುದು ಕ್ಷೇಮ. 8ರ ಜತೆಗೆ 16 ಹಾಕಿದರೂ ಬಹುಪಾಲು ಯಂತ್ರಗಳು ಓಡುತ್ತವೆ. ಆದರೆ ಸಮನಾದ ಭಾಗಕ್ಕೆ ಮಾತ್ರ ಎರಡು ಚಾನೆಲ್ಲಿನ ಲಾಭ ದೊರೆಯುತ್ತದೆ.

ಅಂಗಡಿಯಲ್ಲಿ

ವಿಜಯವಾಡದ ಗವರ್ನರ್‌ಪೇಟೆ, ವಿಶಾಖಪಟ್ಟಣದ ದ್ವಾರಕಾನಗರ ಮೊದಲಾದ ಕಡೆಗಳಲ್ಲಿ ಗಣಕದ ಅಂಗಡಿಗಳಿವೆ. ತೆಲುಗಿನಲ್ಲಿ ವಿವರಿಸಲು ತಡವರಿಸುವವರು ಮೇಲೆ ಹೇಳಿದ ಚೀಟಿಯನ್ನು ತೋರಿಸಿದರೆ ಸಾಕು. ಸಾಧ್ಯವಾದರೆ ಹಳೆಯ ಪಟ್ಟಿಯನ್ನೇ ಕಳಚಿ ಒಯ್ಯಬಹುದು. ಹಣ ಕೊಡುವ ಮೊದಲೇ, ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸಿಕೊಡುವರೆಂದು ಕೇಳಿರಿ. ಕ್ರಮ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲು ಪಡೆಯಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬಳಸಿದ ಮಾಲು ಕೊಳ್ಳುವವರು ಚಿನ್ನದ ಬಣ್ಣದ ಸಂಪರ್ಕಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕಡಲತೀರದ ವಿಶಾಖಪಟ್ಟಣದ ಉಪ್ಪುಗಾಳಿಯಲ್ಲಿ ಲೋಹ ಬೇಗ ಕಿಲುಬು ಹಿಡಿಯುತ್ತದೆ. ವಿಜಯವಾಡದಲ್ಲಿ 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಬಡಾವಣೆಗಳೇ ಮುಳುಗಿದ್ದವು. ನೀರು ಕುಡಿದ ಯಂತ್ರದ ಭಾಗದಲ್ಲಿ ಚಿಪ್ಪುಗಳ ಸಂದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಅಂಥದ್ದನ್ನು ಮುಟ್ಟದಿರುವುದೇ ಒಳ್ಳೆಯದು.

ಕೂರಿಸಿದ ಮೇಲೆ

ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು ಕೆಲಸಕ್ಕೆ ತೊಡಗಬೇಕು. ನಾಲ್ಕು ಸ್ಲಾಟುಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದನ್ನು ಬಳಸುವುದು ರೂಢಿ, ಕೈಪಿಡಿಯನ್ನೊಮ್ಮೆ ನೋಡಿಕೊಳ್ಳಿರಿ. ಡಿಡಿಆರ್ 5 ಯಂತ್ರ ಮೊದಲ ಸಲ ಚಾಲೂ ಆಗುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬಾರದು.

ಯಂತ್ರ ಚಾಲೂ ಆಯಿತೆಂದು ಅಲ್ಲಿಗೆ ಬಿಡಬಾರದು. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ 86 ತಂತ್ರಾಂಶವನ್ನು ನಡೆಸಿ, ಒಂದು ರಾತ್ರಿ ಪೂರ್ತಿ ಪರೀಕ್ಷಿಸಿರಿ. ಒಂದೇ ಒಂದು ದೋಷ ಕಂಡರೂ ಆ ಪಟ್ಟಿಯನ್ನು ಅಂಗಡಿಗೆ ಹಿಂದಿರುಗಿಸಬೇಕು. ಇದನ್ನು ಬದಲಾವಣೆಯ ಅವಧಿಯೊಳಗೇ ಮಾಡಿರಿ. ದೋಷವಿರುವ ರ‍್ಯಾಮ್ ಆಟವನ್ನು ಮಾತ್ರವಲ್ಲ, ಮಕ್ಕಳು ಬರೆದಿಟ್ಟ ಪ್ರಾಜೆಕ್ಟಿನ ಕಡತಗಳನ್ನೂ ಕೆಡಿಸಬಲ್ಲದು.

ಚೀಟಿಯಲ್ಲಿ ಇರಬೇಕಾದವು

1. ಮದರ್‌ಬೋರ್ಡಿನ ಪೂರ್ಣ ಹೆಸರು
2. ಡಿಡಿಆರ್ ಪೀಳಿಗೆ, ಡೆಸ್ಕ್‌ಟಾಪಿನ ಅನ್‌ಬಫರ್ಡ್ ಬಗೆ
3. ಒಟ್ಟು ಸ್ಲಾಟುಗಳು, ಖಾಲಿ ಇರುವವು
4. ಬೋರ್ಡಿನ ಗರಿಷ್ಠ ಮಿತಿ
5. ಈಗಿರುವ ರ‍್ಯಾಮಿನ ಕಂಪನಿ, ಗಾತ್ರ, ವೇಗ

ಇಷ್ಟನ್ನು ಬರೆಯಲು ಹತ್ತು ನಿಮಿಷ ಸಾಕು. ಅಂದು ನಾವು ತಂದ ತಪ್ಪು ಪಟ್ಟಿ ಈಗಲೂ ನಮ್ಮ ಮೇಜಿನ ಖಾನೆಯಲ್ಲಿದೆ. ಎರಡನೆಯ ಬಾರಿ ಹುಡುಗನೇ ಚೀಟಿ ಬರೆದು ಕಳುಹಿಸಿದ. ತಂದದ್ದು ಮೊದಲ ಯತ್ನದಲ್ಲೇ ಕೂತಿತು.